ಜರಡಿ ಕೋಣೆ

ಮುಚ್ಚಿಹೋಗಿದ್ದ ಚಿನ್ನದ ಗಣಿಯ ಹಳೆಯ ಕಚೇರಿಯನ್ನು ಮ್ಯೂಸಿಯಂ ಮಾಡಲು ಹೊರಟಾಗ, ಗಣಿ ಕೆಲಸಗಾರರ ಫೈಬರ್ ಗೊಂಬೆಗಳನ್ನು ಮಾಡಿಕೊಡುವ ಕೆಲಸ ಆಕೆಗೆ ಸಿಕ್ಕಿತು. ಬಟ್ಟೆ ಅಂಗಡಿಗಳಿಗೆ ಗೊಂಬೆ ಮಾಡಿ ಮಾಡಿ ಬೇಸತ್ತಿದ್ದವಳಿಗೆ ರೋಗಿ ಬಯಸಿದ್ದೂ ವೈದ್ಯ ಹೇಳಿದ್ದೂ ಒಂದೇ ಆದಂತಾಯಿತು. ಹುಟ್ಟಿ ಬೆಳೆದದ್ದು ಆ ಗಣಿಯ ಪಕ್ಕದಲ್ಲೇ ಆದರೂ ಒಳಗಿನ ಸಂಗತಿ ಅವಳಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ.

ಬಂಡೆ ಕೊರೆಯುವವರು, ಟ್ರಾಲಿ ತಳ್ಳುವವರು ಎಲ್ಲ ಮುಗಿದು ಕೊನೆಗೆ ಒಂದು ಕೋಣೆ ಉಳಿಯಿತು. ಮ್ಯೂಸಿಯಂನ ಮ್ಯಾನೇಜರ್ ಬಾಗಿಲು ತೆರೆದು ತೋರಿಸಿದ. ಕಿಟಕಿಯಿಲ್ಲ. ತೂತು ಕೊರೆದ ಹಲಗೆ, ಅದರ ಕೆಳಗೆ ಬಕೆಟ್, ಗೋಡೆಯ ಮೇಲೆ ತಂತಿ ಜರಡಿ.

"ಚಿನ್ನ ನುಂಗಿದಾನೆ ಅಂತ ಅನುಮಾನ ಬಂದ್ರೆ ಹರಳೆಣ್ಣೆ ಕುಡಿಸಿ ಇಲ್ಲಿ ಕೂರಿಸ್ತಿದ್ರು. ಹೊಟ್ಟೆ ಖಾಲಿ ಆಗೋವರೆಗೂ ಬಿಡ್ತಿರ್ಲಿಲ್ಲ," ಎಂದು ನಕ್ಕ. "ಒಂದು ತಮಾಷೆ ಗೊಂಬೆ ಮಾಡಿ ಮೇಡಂ. ಕಣ್ಣು ಹೊರಗೆ ಬಂದಿರ್ಬೇಕು, ಮುಖ ಕಿವುಚಿರ್ಬೇಕು. ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಳ್ಬೇಕು."

ಅವಳು ಅಲ್ಲಿಂದ ನೇರ ದೊಡ್ಡಮ್ಮನ ಮನೆಗೆ ಹೋದಳು. ತೀರಿಹೋದ ದೊಡ್ಡಪ್ಪ ಆ ಗಣಿಯಲ್ಲಿ ಬಂಡೆ ಕೊರೆದವರು. ದೊಡ್ಡಮ್ಮನೂ ಅಲ್ಲಿ ಗುಡಿಸುವ ಕೆಲಸಕ್ಕಿದ್ದಳು ಎಂಬುದಷ್ಟೇ ಮನೆಯವರಿಗೆ ಗೊತ್ತು.

ಆ ಕೋಣೆಯ ಮಾತೆತ್ತಿದೊಡನೆ, ಈರುಳ್ಳಿ ಸುಲಿಯುತ್ತಿದ್ದ ದೊಡ್ಡಮ್ಮ ಕೈ ನಿಲ್ಲಿಸಿದಳು. "ಆ ಜರಡಿ ಇನ್ನೂ ಇಟ್ಕೊಂಡಿದಾರಾ?"

"ನಿನಗೆ ಹೇಗೆ ಗೊತ್ತು?"

"ಹಿಡಿದಿದ್ದೋಳು ನಾನೇ ಅಲ್ವೇನೆ? ಗುಡಿಸೋಕೆ ಅಂತ ಕರೆದು ಬಕೆಟ್ ಕೊಟ್ರು. ನೀರು ಹಾಕಿ ಜರಡಿ ಹಿಡೀಬೇಕು, ಬೆರಳಲ್ಲಿ ತಡವಿ ನೋಡ್ಬೇಕು. ಆ ವಾಸನೆ ಉಗುರಿಗೆ ಹತ್ತಿದ್ರೆ ಯಾವ ಸೋಪಿಗೂ ಬಗ್ತಿರ್ಲಿಲ್ಲ." ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟು ಹೇಳಿದಳು: "ಒಂದ್ಸಲ ಒಳಗೆ ಕೂತಿದ್ದೋರು ನಿಮ್ಮ ದೊಡ್ಡಪ್ಪ."

ಅವಳು ದೊಡ್ಡಮ್ಮನ ಪಕ್ಕ ನೆಲಕ್ಕೆ ಕೂತಳು.

"ಏನೂ ಸಿಗ್ಲಿಲ್ಲ. ಕದ್ದಿದ್ರೆ ತಾನೆ ಸಿಗೋದು? ಸಾಹೇಬ ಬಾಗಿಲಲ್ಲೇ ಮೂಗು ಮುಚ್ಕೊಂಡು, 'ಇನ್ನೊಂದ್ಸಲ ಕುಡಿಸ್ರೋ, ಹೆಂಡ್ತೀನೇ ಇದಾಳೆ, ಚೆನ್ನಾಗಿ ಹುಡುಕ್ತಾಳೆ' ಅಂದ. ಎಲ್ರೂ ನಕ್ರು. ಅವತ್ತಿಂದ ಸಾಯೋವರೆಗೂ ಅವರು ನನ್ನ ಕೈಯಿಂದ ಬಡಿಸ್ಕೊಳ್ಳಲಿಲ್ಲ ಕಣೇ. ಹೇಸಿಗೆ ನನ್ನ ಮೇಲಲ್ಲ. ನಾನು ತಟ್ಟೆ ಹತ್ರ ಬಂದ್ರೆ ಸಾಕು, ತಲೆ ತಗ್ಗಿಸ್ಬಿಡ್ತಿದ್ರು."

ಮರುದಿನ ಅವಳು ಮ್ಯಾನೇಜರನಿಗೆ ಹೇಳಿದಳು: "ತಮಾಷೆ ಗೊಂಬೆ ನನ್ನಿಂದಾಗಲ್ಲ. ತಲೆ ತಗ್ಗಿಸಿ ಕೂತ ಮನುಷ್ಯನ್ನ ಮಾಡ್ಕೊಡ್ತೀನಿ. ಜರಡಿ ಹಿಡಿದ ಹೆಂಗಸನ್ನೂ."

"ಟಿಕೆಟ್ ತಗೊಂಡು ಅಳೋಕೆ ಯಾರ್ ಬರ್ತಾರೆ ಮೇಡಂ? ಇಲ್ನೋಡಿ." ಗೋಡೆಯ ಗುಂಡಿ ಒತ್ತಿದ. ಬಕೆಟಿನೊಳಗಿಂದ ಹೂಸು ಬಿಟ್ಟ ಸದ್ದು ಬಂತು. ವೈರು ಎಳೆಯುತ್ತಿದ್ದವರು ಬಿದ್ದು ಬಿದ್ದು ನಕ್ಕರು. ಅವನು ಮತ್ತೊಮ್ಮೆ ಒತ್ತಿದ.

"ಥೂ! ನಿಮ್ಮಪ್ಪನ್ನ ಕೂರಿಸಿ ಒತ್ತಿ," ಎಂದು ಅವಳು ಹೊರನಡೆದಳು.

ಅವನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಯಾವುದೋ ಅಂಗಡಿಯ ಗೊಂಬೆ ತಂದು, ಮೊಣಕಾಲು ಕೊಯ್ದು ಮಡಿಸಿ, ಬಟ್ಟೆಯಿಲ್ಲದೆ ಹಲಗೆಯ ಮೇಲೆ ಕೂರಿಸಿದ. ಮ್ಯೂಸಿಯಂ ತೆರೆಯಿತು.

"ನಾನೂ ನೋಡ್ಬೇಕು," ಎಂದು ದೊಡ್ಡಮ್ಮ ಹಟ ಹಿಡಿದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಕೋಣೆಯ ಮುಂದೆ ಸಾಲು ನಿಂತಿತ್ತು. ಗಂಡ ಹೆಂಡತಿ ಇಬ್ಬರು ಮೂಗು ಹಿಡಿದು ಫೋಟೋಗೆ ನಿಂತಿದ್ದರು. ಯಾರೋ ಗುಂಡಿ ಒತ್ತಿದರು. ದೊಡ್ಡಮ್ಮ ಹಗ್ಗ ದಾಟಿ ಹೋಗಿ, ಹೊದ್ದಿದ್ದ ಶಾಲನ್ನು ಗೊಂಬೆಯ ಸೊಂಟಕ್ಕೆ ಸುತ್ತಿ, ಅದರ ಮುಂದೆ ನೆಲಕ್ಕೆ ಕೂತುಬಿಟ್ಟಳು.

"ಅಜ್ಜಿ, ಮುಟ್ಟಬಾರದು. ಏಳಿ," ಎಂದ ಕಾವಲಿನವನು.

"ನಾನು ಇಲ್ಲೇ ಕೆಲಸಕ್ಕಿದ್ದೋಳಪ್ಪ. ಅವರು ಎದ್ದ ಮೇಲೆ ಏಳ್ತೀನಿ."

ಮ್ಯಾನೇಜರ್ ಓಡಿಬಂದ. ಜನರ ಮುಂದೆ ನಗು ತಂದುಕೊಂಡು, "ಏಳಮ್ಮ, ನಾನು ಎಬ್ಬಿಸ್ತೀನಿ," ಎಂದು ಕೈ ಚಾಚಿದ. "ಯಾವ ಕೆಲಸದಲ್ಲಿದ್ರಿ?"

"ಆ ಜರಡೀಲಿ ಹೇಲು ತೊಳೆದು ಹುಡುಕೋ ಕೆಲಸ. ಈ ಕೈಯಲ್ಲೇ."

ಅವನು ಕೈ ಹಿಂದಕ್ಕೆಳೆದುಕೊಂಡ. ಮುಟ್ಟಿರಲೂ ಇಲ್ಲ, ಆದರೂ ಪ್ಯಾಂಟಿಗೆ ಒರೆಸಿಕೊಂಡ.

ಗೊಂಬೆ ಮಾಡುವಾಕೆ ಅದನ್ನು ಕಂಡಳು, ಸಾಲಿನಲ್ಲಿದ್ದವರೂ ಕಂಡರು. ಫೋನುಗಳು ಕೆಳಗಿಳಿದವು. ಅವಳು ಮುಂದೆ ಬಂದು ದೊಡ್ಡಮ್ಮನ ಎರಡೂ ಕೈ ಹಿಡಿದು ಎಬ್ಬಿಸಿದಳು. ಅವಳಿಗೆ ಆ ಕೋಣೆಗಿಂತ, ಆ ಬಕೆಟಿಗಿಂತ ಹೆಚ್ಚು ಹೇಸಿಗೆಯೆನಿಸಿದ್ದು ಒರೆಸಿಕೊಂಡ ಆ ಕೈ.

ಅಂದೇ ಕೋಣೆಗೆ ಬೀಗ ಬಿತ್ತು. ದುರಸ್ತಿ ನಡೆದಿದೆ ಎಂದು ಬೋರ್ಡು ಹಾಕಿದರು. ಶಾಲು ಒಳಗೇ ಉಳಿಯಿತು. ಕೇಳಲು ದೊಡ್ಡಮ್ಮ ಹೋಗಲಿಲ್ಲ.