ಅಣ್ಣನ ಗಂಟಲಿಗೆ ಇಳಿಸಿದ ತಂತಿ

ನಲವತ್ತು ಜನರ ವಾದ್ಯವೃಂದವೂ ಅವನ ಎಲೆಕ್ಟ್ರಿಕ್ ಗಿಟಾರೂ ಒಟ್ಟಿಗೆ ಶುರುವಾದವು. ಮೊದಲ ಸ್ವರಕ್ಕೇ ಮುಂದಿನ ಸಾಲಿನ ಪಿಟೀಲಿನವಳು ಮುಖ ಸಿಂಡರಿಸಿಕೊಂಡು ಕಮಾನು ಕೆಳಗಿಳಿಸಿದಳು.

ಗಿಟಾರಿನವನ ಪಿತ್ತ ನೆತ್ತಿಗೇರಿತು. "ಬೇಕಂತಲೇ ಮಾಡ್ತಿದೀರ! ನನ್ನ ಕಂಡ್ರೆ ನಿಮಗಾಗಲ್ಲ ಅಂತ ನನಗೆ ಗೊತ್ತಿಲ್ವಾ?"

ಸಿಟ್ಟಿಗೆ ಕಾರಣವಿಲ್ಲದೇ ಇರಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯದವರು ಅವನನ್ನು 'ಕರೆಂಟಿನವನು' ಎಂದು ಹೀಗಳೆದಿದ್ದರು. ರಾಕ್‌ನವರು 'ಮೇಷ್ಟ್ರೇ' ಎಂದು ಕಿಚಾಯಿಸಿದ್ದರು. ಹದಿನೆಂಟು ವರ್ಷ ಅಣ್ಣನ ರಾಕ್ ತಂಡದಲ್ಲಿ ಜೀವ ತೇಯ್ದಿದ್ದ. ಹಾಡು ಕಟ್ಟುವವನು ಇವನು, ಪೋಸ್ಟರಿನಲ್ಲಿ ಹಲ್ಲು ಕಿರಿಯುವವನು ಅಣ್ಣ. ಎರಡೂ ಸಂಗೀತವನ್ನು ಬೆಸೆದು, ತನ್ನ ಹೆಸರಿನಲ್ಲೇ ಬರೆದ ಮೊದಲ ಕೃತಿ ಇದು. ಇಂದು ಸಂಜೆಯೇ ಪ್ರದರ್ಶನ. ಇರುವ ಈ ಒಂದೇ ತಾಲೀಮು ಸರಿಹೋಗದಿದ್ದರೆ ಕಾರ್ಯಕ್ರಮದಿಂದಲೇ ತೆಗೆಯುತ್ತೇನೆಂದು ವಾದ್ಯವೃಂದದ ನಿರ್ದೇಶಕಿ ಖಡಾಖಂಡಿತವಾಗಿ ಹೇಳಿದ್ದರು.

ಅವರು ತಮ್ಮ ಪೀಠದಿಂದ ಇಳಿದು ಬಂದರು. "ಕೂಗಾಡಿದ್ದು ಸಾಕು. ದಪ್ಪ ತಂತಿ ಮೀಟಿ."

ಮೀಟಿದ. ಅದೇ ಸ್ವರವನ್ನು ಪಿಯಾನೋದಲ್ಲಿ ಒತ್ತಿ ತೋರಿಸಿದರು.

"ಕೇಳಿಸ್ತಾ? ನಿಮ್ಮದು ಅರ್ಧ ಸ್ವರ ಕೆಳಗಿದೆ. ಆರು ತಂತೀನೂ ಹಾಗೇ. ಯಾಕ್ರೀ?"

ಅವನ ಮುಖ ಕಪ್ಪಿಟ್ಟಿತು. ಅಣ್ಣನ ಗಂಟಲು ಮೇಲಕ್ಕೆ ಏರುತ್ತಿರಲಿಲ್ಲ. ಅದಕ್ಕೆಂದೇ ತಂಡದ ಮೊದಲ ದಿನ ತಂತಿಗಳನ್ನು ಅರ್ಧ ಸ್ವರ ಇಳಿಸಿದ್ದ. ಸ್ವರಗಳಿಗೆ ಮಾತ್ರ ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದ. ಕೊನೆಕೊನೆಗೆ ಇಳಿಸಿದ್ದೇ ಮರೆತುಹೋಗಿತ್ತು. ಈ ಕೃತಿಯನ್ನೂ ಅದೇ ಗಿಟಾರಿನ ಮೇಲೆ ಕಟ್ಟಿ, ಬೆರಳಿಟ್ಟ ಜಾಗದ ಹೆಸರನ್ನೇ ನಲವತ್ತು ಜನರಿಗೂ ಬರೆದುಕೊಟ್ಟಿದ್ದ. ಅವರು ಬರೆದಂತೆಯೇ ನುಡಿಸಿದ್ದರು, ಇವನ ಗಿಟಾರು ಮಾತ್ರ ಕೆಳಗೆ ನುಡಿದಿತ್ತು. ಥೂ ನನ್ನ ಬುದ್ಧಿಗಿಷ್ಟು, ಎಂದು ಹಲ್ಲು ಕಡಿದ.

"ತಂತಿ ಬಿಗಿ ಮಾಡ್ಕೊಳ್ಳಿ. ಹತ್ತು ನಿಮಿಷ ಕೊಡ್ತೀನಿ."

"ಏಯ್, ಮುಟ್ಟಬೇಡ!" ಎಂದ ಅಣ್ಣ, ಮೈಕಿನ ಹಿಂದಿನಿಂದ. ಅಮ್ಮನಿಂದ ಹೇಳಿಸಿ, ಕೊನೆಯ ಭಾಗದಲ್ಲಿ ಒಂದು ಹಾಡು ಗಿಟ್ಟಿಸಿಕೊಂಡು ಬಂದಿದ್ದ ಆಸಾಮಿ. "ಬಿಗಿ ಮಾಡಿದ್ರೆ ನಾನು ಹಾಡೋದು ಹೇಗೋ? ಇವರೇ ಇಳಿಸ್ಕೊಳ್ಳಲಿ."

"ನಲವತ್ತು ಜನಾನಾ?"

"ಅದಕ್ಕೇನೀಗ? ಇಷ್ಟು ವರ್ಷ ನೀನು ಇಳಿಸ್ಕೊಂಡಿರ್ಲಿಲ್ವಾ?"

ಆ ಮಾತು ಅವನ ಎದೆಗೆ ನಾಟಿತು. ವಾದ್ಯವೃಂದದ ಮೇಲಿದ್ದ ಸಿಟ್ಟೆಲ್ಲ ಒಂದೇ ಸಲಕ್ಕೆ ಸರಿಯಾದ ವಿಳಾಸ ಹುಡುಕಿಕೊಂಡಿತು. ಸ್ಟೂಲಿನ ಮೇಲೆ ಕುಳಿತು, ಒಂದೊಂದೇ ಬಿರಡೆ ತಿರುಗಿಸಿದ.

"ಲೋ, ಅಮ್ಮನಿಗೆ ಏನು ಹೇಳ್ತೀಯ?"

"ಸಂಜೆ ಬರ್ತಾಳಲ್ಲ. ಕೇಳಿಸ್ಕೊಳ್ತಾಳೆ."

ಮತ್ತೆ ಶುರುವಾಯಿತು. ಈ ಸಲ ಗಿಟಾರು, ಪಿಟೀಲು, ತುತ್ತೂರಿ ಎಲ್ಲ ಒಂದಕ್ಕೊಂದು ಸರಿಯಾಗಿ ಕೂತವು. ಕೊನೆಯ ಭಾಗ ಬಂದಾಗ ಅಣ್ಣ ಹಟಕ್ಕೆ ಬಿದ್ದು ಬಾಯಿ ತೆರೆದ. ಎರಡು ಸಾಲು ಹೇಗೋ ಎಳೆದ. ಮೂರನೆಯದಕ್ಕೆ ದನಿ ಒಡೆಯಿತು. ಕೂಡಲೇ ತಮ್ಮನ ಕಡೆ ತಿರುಗಿ ಗದ್ದ ಕೆಳಗೆ ಮಾಡಿ ಸನ್ನೆ ಮಾಡಿದ: ಇಳಿಸೋ.

ಹದಿನೆಂಟು ವರ್ಷ ಆ ಸನ್ನೆ ಕಂಡಾಗಲೆಲ್ಲ ಇವನು ಇಳಿದಿದ್ದ. ಈಗ ಗಿಟಾರಿನ ದನಿ ಏರಿಸಿ, ಅಣ್ಣ ಬಿಟ್ಟ ಸಾಲನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡು ಕೊನೆಯವರೆಗೂ ತಾನೇ ನುಡಿಸಿದ.

ನಿರ್ದೇಶಕಿ ತಿರುಗಿಯೂ ನೋಡಲಿಲ್ಲ. ಬಲಗೈಯಲ್ಲಿ ತಾಳ ಹಿಡಿದೇ, ಎಡಗೈಯಲ್ಲಿ ಅಣ್ಣನಿಗೆ ಕುರ್ಚಿ ತೋರಿಸಿದರು.