ಬಾಯೊಳಗಿನ ತುತ್ತು

"ಇನ್ನೊಂದೇ ತಿರುವು ಕಣೋ, ಅಷ್ಟೇ," ಎನ್ನುತ್ತ ಅಲ್ಲಾಲ್ ಕಾರನ್ನು ನದಿಗೆ ಇಳಿಸಿಯೇಬಿಟ್ಟ.

ಮೇಲಿನ ಬೆಟ್ಟಗಳ ಹಿಮ ಕರಗಿ ಮ್ಗೂನ್ ನದಿ ಮೈದುಂಬಿಕೊಂಡಿತ್ತು. ಸೇತುವೆ ಇಲ್ಲದ ಕಡೆ ದಾರಿಯೂ ನದಿಯೂ ಒಂದೇ. ಬಾಗಿಲ ಸಂದಿಯಿಂದ ನೀರು ಒಳಗೆ ಜಿನುಗಿತು. ಮೊಹಾ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡ.

"ಬೆಳಿಗ್ಗೆ ಏನಂದೆ? ಸುಮ್ನೆ ಗುಲಾಬಿ ನೋಡ್ಕೊಂಡ್ ಬರೋಣ ಅಂದೆ. ಈಗ ನನ್ನ ಮೀನಿಗೆ ಹಾಕೋಕೆ ಹೊರಟಿದೀಯಾ?"

"ಇಲ್ಲಿ ಮೀನಿಲ್ಲ ಬಿಡು. ಇದ್ರೂ ನಿನ್ನ ಆ ಒಣಮೂಳೆ ಯಾವ ಮೀನು ಮೂಸುತ್ತೆ?"

ಮೊಹಾನಿಗೆ ನಗು ಬಂತು. ಬಂದದ್ದು ಅವನಿಗೇ ಆಶ್ಚರ್ಯವಾಯಿತು. ಹೋದ ವರ್ಷದ ಹೂವಿನ ಕೊಯ್ಲಿನಿಂದ ಈಚೆಗೆ ಅವನು ಈ ಕಣಿವೆಯತ್ತ ತಲೆ ಹಾಕಿರಲಿಲ್ಲ. ಪನ್ನೀರು ಇಳಿಸುವ ತಾಮ್ರದ ಹಂಡೆಗಳಿಗೆ ಬೆಸುಗೆ ಹಾಕುವುದು ಅವನ ಕಸುಬು. ಆ ಹಂಡೆಗಳೂ ಅಂಗಡಿಯ ಮೂಲೆಯಲ್ಲಿ ಹಸಿರುಗಟ್ಟಿ ಕೂತಿದ್ದವು. ಆ ಕೊಯ್ಲಿನಲ್ಲಿ ಅವನ ಒಬ್ಬನೇ ಮಗ ಅನೀರ್ ಸತ್ತಿದ್ದ. ಹೂ ಕೊಯ್ಯುವವರಿಂದ ಕಿಕ್ಕಿರಿದಿದ್ದ ವ್ಯಾನಿನಲ್ಲಿ ಜಾಗವಿಲ್ಲವೆಂದು ಚಾಲಕ ಹಮ್ಮಾದಿ ಹುಡುಗನನ್ನು ಚಾವಣಿಯ ಮೇಲೆ ಹತ್ತಿಸಿದ್ದ. ತಿರುವಿನಲ್ಲಿ ವ್ಯಾನು ವಾಲಿದಾಗ ಹುಡುಗ ಕೆಳಗಿನ ಬಂಡೆಗಳ ಮೇಲೆ ಬಿದ್ದ. ಹಮ್ಮಾದಿ ಜೈಲಿಗೆ ಹೋಗಿ ಬಂದ. ಬಂದವನು ಎಲ್ಲಿದ್ದಾನೆಂದು ಮೊಹಾ ಯಾರನ್ನೂ ಕೇಳಿರಲಿಲ್ಲ.

ಕಾರು ದಡ ಹತ್ತಿತು. ಬಾರ್ಲಿ ಹೊಲಗಳ ಬದುವಿಗೆ ಗುಲಾಬಿಯ ಬೇಲಿ, ಅದರಾಚೆ ಆಕ್ರೋಡು ಮರಗಳ ನೆರಳು. ಗುಡ್ಡವೂ ಮನೆಗಳೂ ಒಂದೇ ಕೆಂಪು. ದೇವರು ಬೆಟ್ಟ ಮಾಡಿ ಮಿಕ್ಕ ಮಣ್ಣನ್ನು ಮನೆ ಕಟ್ಟಿಕೊಳ್ಳಿ ಎಂದು ಅಲ್ಲೇ ಬಿಟ್ಟು ಹೋದಂತಿತ್ತು. ಮುಂದೆ ಹೋದಂತೆ ಎರಡೂ ಕಡೆಯ ಬಂಡೆ ಹತ್ತಿರ ಹತ್ತಿರ ಸರಿದು ಆಕಾಶ ಒಂದು ಪಟ್ಟಿಯಷ್ಟಾಯಿತು. ದಾರಿ ಮುಗಿದಲ್ಲಿ ಒಂದು ಮನೆ.

"ನಮ್ಮವ್ವನ ಕಡೆಯೋರದು," ಎಂದ ಅಲ್ಲಾಲ್, ಇವನ ಮುಖ ನೋಡದೆ. "ಬಾಗಿಲಿಗೆ ಬಂದು ಒಂದು ಲೋಟ ಚಹಾ ಕುಡೀದೆ ಹೋದ್ರೆ ಬೈತಾರೆ."

ಮನೆಯ ಯಜಮಾನ ದಾವೂದಜ್ಜ ಬಾಗಿಲಲ್ಲೇ ನಿಂತು ಕಾಯುತ್ತಿದ್ದ. ಇಬ್ಬರನ್ನೂ ಕಂಬಳಿ ಹಾಸಿದ ಕೋಣೆಗೆ ಕರೆದು ಕೂರಿಸಿದ. ನಿಲುವಂಗಿಯ ಮುಸುಕನ್ನು ಹುಬ್ಬಿನವರೆಗೆ ಎಳೆದುಕೊಂಡ ಒಬ್ಬಾತ ತಂಬಿಗೆ, ಬೋಗುಣಿ ತಂದು ಮೊಹಾನ ಮುಂದೆ ಮಂಡಿಯೂರಿದ. ಕೈಗೆ ನೀರು ಹಾಕುವವನ ಮುಖವನ್ನು ದಿಟ್ಟಿಸುವುದು ಸರಿಯಲ್ಲ. ಮೊಹಾ ಕೈಗಳನ್ನಷ್ಟೇ ನೋಡಿದ. ನೀರು ಕಂಬಳಿಗೆ ಚೆಲ್ಲಿತು.

"ಮೆಲ್ಲಗಪ್ಪಾ, ಮೆಲ್ಲಗೆ," ಎಂದ ಅಜ್ಜ.

ಆಮೇಲೆ ಬಿಸ್ಮಿಲ್ಲಾ ಎಂದು ಬಾರ್ಲಿ ರೊಟ್ಟಿ ಮುರಿದು, ಉಪ್ಪು ಬೆರೆಸಿದ ಬೆಣ್ಣೆಗೆ ಅದ್ದಿ, ಮೊದಲ ತುತ್ತನ್ನು ತಾನೇ ಮೊಹಾನ ಕೈಗಿಟ್ಟ. ಮೊಹಾ ಅದನ್ನು ಬಾಯಿಗೆ ಹಾಕಿಕೊಂಡ.

ಆಗ ಮಂಡಿಯೂರಿದ್ದವನು ಮುಸುಕು ಸರಿಸಿದ. ಹಮ್ಮಾದಿ.

"ಅಣ್ಣಾ," ಎಂದವನು ಮೊಹಾನ ಮೊಣಕಾಲಿಗೆ ಹಣೆ ಹಚ್ಚಿದ. "ತಪ್ಪಾಯ್ತು ಅಂತ ಕುರಿ ಹೊಡ್ಕೊಂಡು ನಿಮ್ಮ ಬಾಗಿಲಿಗೆ ಬಂದೆ, ಬಾಗಿಲು ಹಾಕಿದ್ರಿ. ಮಸೀದೀಲಿ ಸಲಾಂ ಅಂದೆ, ಮುಖ ತಿರುಗಿಸಿದ್ರಿ. ಇನ್ನೆಲ್ಲಿಗೆ ಬರ್ಲಿ ನಾನು? ಇದು ನನ್ನ ಹೆಂಡತಿ ತವರು. ಈ ಮನೆ ಉಪ್ಪು ನಿಮ್ಮ ಬಾಯಲ್ಲಿದೆ ಈಗ."

ಮನೆಯ ಉಪ್ಪು ಗಂಟಲಿಳಿದ ಮೇಲೆ ಆ ಮನೆಯವರೊಂದಿಗೆ ಹಗೆಯಿಲ್ಲ. ಕಣಿವೆಯಲ್ಲಿ ಕೊಲೆಗಳೇ ಹೀಗೆ ತೀರಿದ್ದವು. ಕುರಿಯನ್ನು ಹಿಂದಕ್ಕೆ ಅಟ್ಟಿದ ದಿನ ಹೆಂಡತಿ ತುದಾ ಹೇಳಿದ್ದೂ ಅದನ್ನು ತಿಳಿದೇ: "ಅವರ ಉಪ್ಪು ನಿಮ್ಮ ಗಂಟಲಿಗೆ ಇಳಿದ ದಿನ ನನಗೆ ಗಂಡ ಇಲ್ಲ. ಒಬ್ಬಳೇ ಅಳ್ತೀನಿ ನನ್ನ ಮಗನಿಗೆ."

ಮೊಹಾ ದವಡೆ ಬಿಗಿಹಿಡಿದ. ನುಂಗುವಂತಿಲ್ಲ. ಉಗುಳುವುದು? ದಾರಿಯಲ್ಲಿ ರೊಟ್ಟಿಯ ಚೂರು ಬಿದ್ದಿದ್ದರೂ ಎತ್ತಿ, ಮುತ್ತಿಟ್ಟು, ಯಾರ ಕಾಲೂ ತಾಗದ ಕಡೆ ಇಡುವ ಜನ ಅವರು. ದೇವರು ಕೊಟ್ಟದ್ದನ್ನು ದೇವರ ಮುಂದೆಯೇ ನೆಲಕ್ಕೆ ಉಗುಳುವ ಧೈರ್ಯ ಅವನಿಗೆ ದುಃಖದಲ್ಲಿಯೂ ಇರಲಿಲ್ಲ. ಮೊಣಕಾಲನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದ. ಎಲ್ಲರನ್ನೂ ದಾಟಿ ಹೊರಗೆ ಬಂದ.

ಹೊರಗೆ ಬಂದು ಹೋಗುವುದಾದರೂ ಎಲ್ಲಿಗೆ? ಮುಂದೆ ಗೋಡೆಯಂಥ ಬಂಡೆ, ಪಕ್ಕದಲ್ಲಿ ನದಿಯ ಮೊರೆತ, ಕಾರಿನ ಕೀಲಿ ಅಲ್ಲಾಲನ ಜೇಬಿನಲ್ಲಿ. ಮೊಹಾ ಹೋಗಿ ಕಾರಿಗೆ ಒರಗಿ ನಿಂತ.

ಅಲ್ಲಾಲ್ ಓಡಿಬಂದ. "ಬೈಯೋ ನನ್ನ! ಎರಡು ಏಟು ಹಾಕು ಬೇಕಾದ್ರೆ. ಸುಮ್ನೆ ನಿಂತ್ಕೋಬೇಡ."

ಬೈಯಲು ಬಾಯಿ ತೆರೆಯಬೇಕು. ಮೊಹಾ ಕೈಯಿಂದ ದಾರಿಯತ್ತ ತೋರಿಸಿದ.

ಇಳಿಯುವಾಗ ಅಲ್ಲಾಲನೊಬ್ಬನದೇ ಮಾತು. "ಅವನು ನಿದ್ದೆ ಮಾಡಲ್ಲ ಕಣೋ. ವ್ಯಾನು ಮಾರಿಬಿಟ್ಟ. ಅವನಿಗೋಸ್ಕರ ಮಾಡಿದೆ ಅನ್ಕೊಂಡ್ಯಾ? ನಿನಗೋಸ್ಕರ. ನಿನ್ನಂಗಡಿ ಮುಂದೆ ದಿನಾ ಹಾದು ಹೋಗ್ತೀನಿ, ಒಳಗೆ ಸುತ್ತಿಗೆ ಸದ್ದಿಲ್ಲ. ಎಷ್ಟು ದಿನ ಅಂತ ಕೇಳಿಸ್ಕೊಳ್ಳಲಿ ಅದನ್ನ?" ಗೇರು ಬದಲಿಸಿ, "ತುದಾ ನನ್ನ ಕೊಂದೇ ಹಾಕ್ತಾಳೆ," ಎಂದ.

ಮೊಹಾ ತುತ್ತನ್ನು ಕೆನ್ನೆಯ ಬದಿಗೆ ಒತ್ತಿಕೊಂಡಿದ್ದ. ಬಾಯಲ್ಲಿ ನೀರೂರುತ್ತಿತ್ತು, ಅದನ್ನು ತಡೆಯುವುದು ಅವನ ಕೈಯಲ್ಲಿರಲಿಲ್ಲ. ಬೆಣ್ಣೆ ಮೊದಲು ಹೋಯಿತು. ಒರಟು ರೊಟ್ಟಿ ಮೆತ್ತಗಾಯಿತು, ಮೆತ್ತಗಾಗುತ್ತ ಸಿಹಿಯಾಯಿತು. ದುಃಖದ ಮನೆಯಲ್ಲಿ ವರ್ಷವಿಡೀ ಉಂಡ ಯಾವ ಊಟವೂ ನಾಲಿಗೆಗೆ ರುಚಿಸಿರಲಿಲ್ಲ. ಈ ಸಿಹಿ ಕಂಡು ಅವನಿಗೆ ನಾಚಿಕೆಯಾಯಿತು. ದವಡೆ ಇನ್ನಷ್ಟು ಬಿಗಿದ.

ಬಂಡೆಗಳ ಸಂದಿಯಲ್ಲಿ ಕುರಿಗಳ ದೊಡ್ಡ ಹಿಂಡು ಅಡ್ಡ ಬಂತು. ಅಲ್ಲಾಲ್ ಕಾರು ನಿಲ್ಲಿಸಿದ. ಕುರಿಗಳು ಎರಡೂ ಬದಿಗೆ ಉಜ್ಜಿಕೊಂಡು ಹೋಗುತ್ತಲೇ ಇದ್ದವು. ಬಾಗಿಲು ತೆರೆಯುವಂತಿರಲಿಲ್ಲ. ಧೂಳಿನ ನಡುವೆ ಎಲ್ಲಿಂದಲೋ ಗುಲಾಬಿಯ ವಾಸನೆ. ಕೊನೆಯಲ್ಲಿ ಕುಂಟು ಕುರಿಯೊಂದು, ಅದನ್ನು ಹಿಂದಿನಿಂದ ತಳ್ಳುತ್ತಿದ್ದ ಕುರುಬ ಹೆಂಗಸು. ಅವಳು ದಾಟುವವರೆಗೂ ಮೊಹಾ ನೋಡುತ್ತಿದ್ದ. ಆಮೇಲೆ ನಾಲಿಗೆಯನ್ನು ಕೆನ್ನೆಯ ಬದಿಗೆ ಹೊರಳಿಸಿ ನೋಡಿದ. ಏನೂ ಇರಲಿಲ್ಲ. ಎಲ್ಲಿ ಹೋಯಿತು, ಯಾವಾಗ ಹೋಯಿತು, ದೇವರಿಗೇ ಗೊತ್ತು.

ತುತ್ತು ಹೋದದ್ದು ಅಲ್ಲಾಲನಿಗೆ ತಿಳಿಯಲಿಲ್ಲ.

ಮನೆ ಮುಟ್ಟಿದಾಗ ಸಂಜೆಯ ಬಾಂಗು ಆಗಷ್ಟೇ ಮುಗಿದಿತ್ತು. ಅಂಗಳದಲ್ಲಿ ತುದಾ ದೊಡ್ಡ ಮರದ ಹರಿವಾಣ ಇಟ್ಟುಕೊಂಡು ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

"ಗುಲಾಬಿ ಚೆನ್ನಾಗಿ ಬಿಟ್ಟಿದೆಯಂತೆ ಈ ಸಲ?"

"ಹೂಂ."

"ಏನಾದ್ರೂ ತಿಂದ್ರಾ?"

ಮೊಹಾ ಹೊಸ್ತಿಲ ಮೇಲೆ ಕೂತು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟ.

"ತಿಂದೆ."

"ಯಾರ ಮನೇಲಿ?"

ಅವನು ಹೇಳಿದ. ತುದಾಳ ಕೈಗಳು ಮಣಿಕಟ್ಟಿನವರೆಗೂ ಹಿಟ್ಟಿನೊಳಗೆ ನಿಂತವು. ಬೆಳಕು ಇಳಿಯುತ್ತಿತ್ತು. ಅವಳು ಕೈಗಳನ್ನು ಹೊರತೆಗೆಯಲಿಲ್ಲ, ನಾದಲೂ ಇಲ್ಲ.