ಬಾಂಗಿನ ಬಿಡುವು

ಕೈರೋದಿಂದ ದೂರದ ದಸೂಕ್ ಪೇಟೆಯ ಹಾಜಿ ಮಮ್ದೂಹನ ಅಂಗಡಿಯಲ್ಲಿ ಕೂರಲು ಇದ್ದದ್ದು ಎರಡೇ ಕುರ್ಚಿ. ಒಂದು ಗಲ್ಲಾಪೆಟ್ಟಿಗೆಯ ಹಿಂದೆ, ಹಾಜಿಗೆ. ಇನ್ನೊಂದು ಬಾಗಿಲ ಬಳಿ, ಮದುಮಗಳ ಕಡೆಯ ಮುದುಕಿಯರು ಏದುಸಿರು ಬಿಡುತ್ತ ಬಂದರೆ ಅವರಿಗೆ. ಸುತ್ತಲ ಹಳ್ಳಿಗಳಲ್ಲಿ ಹೆಣ್ಣಿಗೆ ಮದುವೆ ಗೊತ್ತಾಯಿತೆಂದರೆ ಹಾಸು, ಹೊದಿಕೆ, ಟವೆಲು, ಪರದೆ ಎಲ್ಲವೂ ಇಲ್ಲಿಂದಲೇ ಗಾಡಿ ಏರಬೇಕು. ತಾಯಂದಿರು ಒಂದು ಕಂಬಳಿ ಕೊಳ್ಳಲು ಹತ್ತು ಬಿಚ್ಚಿಸುತ್ತಾರೆ. ಬಿಚ್ಚಿದ್ದನ್ನು ಮತ್ತೆ ಮಡಚಿ ಮೇಲಕ್ಕೆ ಏರಿಸಬೇಕು. ಆ ಕೆಲಸದ ಹೆಂಗಸರು ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ರಾತ್ರಿ ಶಟರ್ ಎಳೆಯುವ ತನಕ ನಿಂತೇ ಇರುತ್ತಿದ್ದರು.

ನಗಾತ್ ಅಲ್ಲಿ ಕಂಬಳಿಯ ಕಟ್ಟೆಗೆ ಕೆಲಸಕ್ಕೆ ಸೇರಿ ಆರು ಚಳಿಗಾಲ ಕಳೆದಿತ್ತು. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮೊಣಕಾಲ ಹಿಂದೆ ನರಗಳು ಗಂಟುಗಂಟಾಗಿ ಎದ್ದಿದ್ದವು. ಚಿಕ್ಕಂದಿನಲ್ಲಿ ಅವಳು ಗದ್ದೆಯ ನಾಟಿಗೆ ಹೋದವಳೇ. ಅಲ್ಲಿ ಸೊಂಟ ಮುರಿಯುವ ಹಾಗೆ ಬಗ್ಗಬೇಕಿತ್ತು ನಿಜ, ಆದರೆ ಹೊತ್ತು ನೆತ್ತಿಗೆ ಬಂದಾಗ ಮೇಸ್ತ್ರಿಯೇ ಸಾಕು ಏಳಿ ಎನ್ನುತ್ತಿದ್ದ. ಹಿಪ್ಪುನೇರಳೆ ಮರದ ಕೆಳಗೆ ರೊಟ್ಟಿ, ಹಸಿ ಈರುಳ್ಳಿ, ಉಪ್ಪು ಗಿಣ್ಣು ಬಿಚ್ಚುತ್ತಿದ್ದರು. ನೀರೆತ್ತುವ ರಾಟೆಗೆ ಕಟ್ಟಿದ ಎಮ್ಮೆಯನ್ನೂ ಆ ಹೊತ್ತಿಗೆ ಬಿಚ್ಚಿ ನೆರಳಿಗೆ ಹೊಡೆಯುತ್ತಿದ್ದರು. ಬಿಡುವಿಗೆ ಅಲ್ಲಿ ಯಾರೂ ಕಾರಣ ಕೇಳುತ್ತಿರಲಿಲ್ಲ.

ಅಂಗಡಿಯಲ್ಲಿ ಬಿಡುವೆಂದರೆ ನಮಾಜು. ದಾಸ್ತಾನು ಕೋಣೆಯ ಮೂಲೆಗೆ ಪರದೆ ಕಟ್ಟಿ ಚಾಪೆ ಹಾಸಿದ್ದರು. ಮಸೀದಿಯ ಬಾಂಗು ಕೇಳಿಸಿದರೆ ಮೂಟೆ ಹೊರುವ ಗಂಡಸರು ಎದುರಿನ ಮಸೀದಿಗೆ ಹೋಗಿ ಚಹಾ ಕುಡಿದು, ಸಿಗರೇಟು ಸೇದಿ ಬರುತ್ತಿದ್ದರು. ಹೆಂಗಸರು ಸರದಿಯಂತೆ ಪರದೆಯ ಹಿಂದೆ ಹೋಗುತ್ತಿದ್ದರು. ನಮಾಜು ಮುಗಿದ ಮೇಲೆ ಕಾಲು ಚಾಚಿ ಗೋಡೆಗೆ ಒರಗಿ ಒಂದು ಗಳಿಗೆ ಕೂತರೆ ಹಾಜಿ ಕೇಳುತ್ತಿರಲಿಲ್ಲ. ದೇವರ ಲೆಕ್ಕದಲ್ಲಿ ಅಷ್ಟು ನಡೆಯುತ್ತಿತ್ತು.

ಪಕ್ಕದ ಟವೆಲು ಮಾರುವ ಕಟ್ಟೆಯ ದಿಮ್ಯಾನಾ ಕ್ರೈಸ್ತಳು, ಅವಳಿಗೆ ಅದೂ ಇಲ್ಲ.

"ಹೋಗಮ್ಮ, ಹೋಗು. ನನ್ನ ಕಾಲಿಗೂ ಸೇರಿಸಿ ಒಂದು ನಮಾಜು ಮಾಡು," ಎನ್ನುತ್ತಿದ್ದಳು ಅವಳು. "ನಮ್ಮ ಪಾದ್ರಿಗಳು ದಿನಾ ಮಧ್ಯಾಹ್ನ ಗಂಟೆ ಹೊಡೆಯೋ ಪದ್ಧತಿ ಇಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು!"

ಇನ್ನೊಂದು ತೊಡಕಿತ್ತು. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ನಮಾಜಿಲ್ಲ. "ಇವತ್ತು ನನಗಿಲ್ಲ, ಅಬ್ಲಾ," ಎಂದು ಮೇಲ್ವಿಚಾರಣೆಯ ಸುಹೇರಳಿಗೆ ಹೇಳಿ ನಿಂತುಬಿಡಬೇಕು. ವಯಸ್ಸಿನಲ್ಲಿ ಹಿರಿಯಳಾದ ಸುಹೇರ್ ಎಲ್ಲರಿಗೂ ಅಬ್ಲಾ, ದೊಡ್ಡಕ್ಕ. ಹೀಗೆ, ಕೂರುವ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವ ದಿನಗಳಲ್ಲೇ ಕೂರಲು ದಾರಿಯಿರಲಿಲ್ಲ. ಯಾರ ದಿನ ಯಾವಾಗ ಎಂಬುದು ಅಂಗಡಿಯ ಅಷ್ಟೂ ಹೆಂಗಸರಿಗೆ ಗೊತ್ತಿರುತ್ತಿತ್ತು.

ಭತ್ತದ ಕೊಯ್ಲು ಮುಗಿದು ಮದುವೆಗಳು ಒತ್ತರಿಸಿ ಬಂದಿದ್ದ ಕಾಲ. ಅಂಥ ಒಂದು ಮಧ್ಯಾಹ್ನ, ಹೊಟ್ಟೆ ಹಿಂಡುತ್ತಿದ್ದರೂ ನಗಾತ್ "ನನಗಿಲ್ಲ" ಎನ್ನಲಿಲ್ಲ. ಸುಮ್ಮನೆ ಪರದೆಯ ಹಿಂದೆ ಹೋಗಿ ಕೂತಳು. ಮತ್ತೊಬ್ಬಳು ಒಳಗೆ ಬಂದಾಗ ಎದ್ದು ಕೈಕಟ್ಟಿ ನಿಂತಳು, ಬಗ್ಗಿದಳು, ಹಣೆ ನೆಲಕ್ಕಿಟ್ಟಳು. ತುಟಿ ಅಲ್ಲಾಡಿದ್ದಷ್ಟೇ, ಒಂದಕ್ಷರವೂ ಹೊರಡಲಿಲ್ಲ. ಮೈಯೆಲ್ಲ ಬೆವೆತಿತು. ಮನೆಗೆ ಹೋದ ಮೇಲೆ ಬಹಳ ಹೊತ್ತು ತಪ್ಪಾಯಿತು ದೇವರೇ ಎಂದು ಬೇಡಿಕೊಂಡಳು. ಮರುದಿನ ಮತ್ತೆ ಹೋದಳು. ಮರುತಿಂಗಳೂ ಹೋದಳು. ಆಮೇಲೆ ಆಮೇಲೆ ಬೆವರುವುದೂ ನಿಂತಿತು.

ಒಂದು ಸಂಜೆ ಸುಹೇರ್ ಅವಳನ್ನು ದಾಸ್ತಾನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ನಗಾತ್, ನಿನ್ನಿಂದ 'ನನಗಿಲ್ಲ' ಅನ್ನೋ ಮಾತು ಕೇಳಿ ಎಷ್ಟು ಕಾಲ ಆಯ್ತೇ?"

ನಗಾತ್‌ ತನ್ನ ಕಳ್ಳತನ ಸಿಕ್ಕಿಬಿತ್ತು ಎಂದುಕೊಂಡಳು.

"ಮೂರು ತಿಂಗಳಿಂದ ಒಂದು ದಿನ ಬಿಡದೆ ನಮಾಜು ಮಾಡ್ತಿದ್ದೀಯ. ಮದುವೆ ಆಗಿರೋರಾದ್ರೆ ಹಲ್ವ ಹಂಚು ಅಂತಿದ್ದೆ. ನಿನಗೆ ಏನು ಹೇಳಲಿ? ಹುಡುಗೀರು ಬಾಯಿಗೆ ಬಂದ ಹಾಗೆ ಆಡಿಕೊಳ್ತಿದ್ದಾರೆ. ಸೊಂಟದ ಮೇಲೆ ಕೈ ಇಟ್ಟುಕೊಂಡು ಒರಗ್ತಾಳೆ, ಅಂಗಿ ಅಗಲ ಮಾಡಿಸಿದಾಳೆ ಅಂತ. ಹಾಜಿ ಹೆಂಡತಿ ಕಿವಿಗೂ ಬಿದ್ದಿದೆ. ನಿಮ್ಮಣ್ಣ ಶಾಬಾನನ್ನ ಕರೆಸಿ, ನಿನ್ನ ಅವನ ಕೈಗೆ ಒಪ್ಪಿಸ್ತೀನಿ ಅಂತ ಕೂತಿದಾರೆ ಹಾಜಿ."

ಅರ್ಥವಾಗಲು ನಗಾತ್‌ಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಣ್ಣನ ಮುಖ ಕಣ್ಣ ಮುಂದೆ ಬಂತು. ಶಾಬಾನ್ ಕೆಟ್ಟವನಲ್ಲ. ಆದರೆ ಈ ಮಾತನ್ನು ಪೇಟೆಯ ಅಂಗಡಿಯಲ್ಲಿ ಬೇರೆಯವರ ಬಾಯಿಂದ ಕೇಳಿದ ಗಂಡಸು ಮನೆಗೆ ಹೋಗಿ ಏನು ಮಾಡಬಲ್ಲನೆಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬಂದಿತ್ತು ಅಬ್ಲಾ. ಪ್ರತಿ ತಿಂಗಳೂ ಬಂದಿತ್ತು. ಹಾಗೇ ಹೋಗಿ ಚಾಪೆ ಮೇಲೆ ನಿಂತೆ. ಕಾಲು ಕೇಳಲಿಲ್ಲ."

ಸುಹೇರ್ ದೇವರ ಕ್ಷಮೆ ಬೇಡಿದಳು. ಆಮೇಲೆ ಮೂಟೆಯೊಂದರ ಮೇಲೆ ಭಾರವಾಗಿ ಕೂತು ದನಿ ತಗ್ಗಿಸಿದಳು.

"ದಡ್ಡಿ. ನಿನ್ನ ವಯಸ್ಸಲ್ಲಿ ನಾನೂ ಹೋಗಿ ಕೂತಿದೀನಿ. ಆದರೆ ಮೊದಲ ದಿನ 'ನನಗಿಲ್ಲ' ಅಂತ ನಿಂತು ತೋರಿಸ್ತಿದ್ದೆ. ನಾಲ್ಕು ಜನರ ಕಣ್ಣಿಗೆ ಕಾಣಬೇಕಲ್ಲ? ನಿನಗೆ ಒಂದು ದಿನ ನಿಂತಿರೋಕೆ ಏನಾಗಿತ್ತು?"

"ಹಾಜಿಗೆ ಹೇಳಿ ಅಬ್ಲಾ. ನಿಮ್ಮ ಕಾಲಿಗೆ ಬೀಳ್ತೀನಿ."

"ಏನಂತ ಹೇಳಲಿ? ಮೈಲಿಗೆಯಲ್ಲಿ ದೇವರ ಮುಂದೆ ನಿಂತಳು ಅಂದ್ರೆ ನಂಬ್ತಾರಾ? ಅದಕ್ಕಿಂತ ಬಸುರಿ ಅನ್ನೋದನ್ನೇ ಬೇಗ ನಂಬ್ತಾರೆ. ಕುರಾನ್ ಮುಟ್ಟಿಸಿ ಕೇಳ್ತಾರೆ ನನ್ನ. ನೋಡದ್ದನ್ನ ನೋಡಿದೆ ಅಂತ ನಾನು ಆಣೆ ಇಡಲ್ಲ. ನಿನ್ನ ದಿನ ಬರಲಿ, ಕಣ್ಣಾರೆ ನೋಡ್ತೀನಿ. ಅಲ್ಲಿ ತನಕ ಹಾಜಿಗೆ ಏನೋ ಒಂದು ಹೇಳಿ ತಡೀತೀನಿ."

ಅದುವರೆಗೆ ಶಪಿಸುತ್ತಿದ್ದ ದಿನಗಳಿಗೆ ನಗಾತ್ ಈಗ ಕಾದಳು. ಬರಬೇಕಾದ ದಿನ ಬರಲಿಲ್ಲ. ಮರುದಿನವೂ ಇಲ್ಲ. ಹೆದರಿಕೆಗೆ ಮೈಯೇ ಮುಷ್ಕರ ಹೂಡಿತ್ತೋ ಏನೋ. ಮುಟ್ಟು ತರಿಸುತ್ತದೆಂದು ಅಮ್ಮ ಹೇಳುತ್ತಿದ್ದ ದಾಲ್ಚಿನ್ನಿ ಕಷಾಯವನ್ನು ಕದ್ದು ಕುಡಿದಳು. ಬೇಕೆಂದೇ ಭಾರದ ಕಂಬಳಿಗಳನ್ನು ಎತ್ತಿದಳು. ಅವಳು ಏಣಿ ಹತ್ತಿದರೆ ಕೆಳಗೆ ಹುಡುಗಿಯರ ಮಾತು ನಿಲ್ಲುತ್ತಿತ್ತು. ದಿಮ್ಯಾನಾ ಮಾತ್ರ ಅವಳ ಕಟ್ಟೆಗೆ ಬಂದು, "ನೋಡಿ ಹತ್ತೇ, ಬಿದ್ದರೆ ಅದಕ್ಕೂ ಒಂದು ಕತೆ ಕಟ್ತಾರೆ," ಎಂದು ಏಣಿ ಹಿಡಿದಳು.

ಕೊನೆಗೆ ಒಂದು ಮಧ್ಯಾಹ್ನ, ಮದುಮಗಳೊಬ್ಬಳಿಗೆ ಗುಲಾಬಿ ಬಣ್ಣದ ಕಂಬಳಿ ಬಿಚ್ಚಿ ತೋರಿಸುತ್ತಿರುವಾಗ ಕಿಬ್ಬೊಟ್ಟೆಯಲ್ಲಿ ಆ ಗುರುತಿನ ನೋವು ಎದ್ದಿತು. ಕಂಬಳಿಯನ್ನು ಅರ್ಧಕ್ಕೇ ಬಿಟ್ಟು ಓಡಿದಳು.

ಹಿತ್ತಲ ಬಚ್ಚಲಲ್ಲಿ ಸುಹೇರ್ ನೋಡಿದಳು. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರ ಹಾಗೆ ಅವಸರವಿಲ್ಲದೆ ನೋಡಿದಳು. ನಗಾತ್ ಬಟ್ಟೆಯನ್ನು ಎತ್ತಿ ಹಿಡಿದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಅವಳ ತಾಯಿಯೂ ಅವಳನ್ನು ಹಾಗೆ ನೋಡಿದ್ದಿಲ್ಲ.

"ದೇವರು ದೊಡ್ಡವನು. ಬಟ್ಟೆ ಸರಿಮಾಡಿಕೊ," ಎಂದು ಸುಹೇರ್ ಹೊರಗೆ ಹೋದಳು.

ಶಾಬಾನನಿಗೆ ಕರೆ ಹೋಗಲಿಲ್ಲ. ಕೆಲಸವೂ ಉಳಿಯಿತು. ಆದರೆ ಸುಹೇರ್ ಆಣೆಯಿಟ್ಟು ಹೇಳುವಾಗ ಪೂರ್ತಿ ನಿಜವನ್ನೇ ಹೇಳಬೇಕಾಯಿತು. ಹಾಜಿ ಎಲ್ಲವನ್ನೂ ಕೇಳಿ ಗಡ್ಡ ನೀವಿಕೊಂಡ. ಎರಡು ದಿನ ಬಿಟ್ಟು ಪರದೆ ಬಿಚ್ಚಿಸಿದ. ಹೆಂಗಸರ ನಮಾಜಿಗೆ ಮನೆಗಿಂತ ಒಳ್ಳೆಯ ಜಾಗವಿಲ್ಲ, ಅಂಗಡಿಯಲ್ಲಿ ಪಾಪಕ್ಕೆ ಎಡೆಯಾಗುವುದು ಬೇಡ, ರಾತ್ರಿ ಮನೆಗೆ ಹೋಗಿ ಎಲ್ಲವನ್ನೂ ಕೂಡಿಸಿ ಮಾಡಿಕೊಳ್ಳಿ ಎಂದ. ಚಾಪೆ ಹಾಸಿದ್ದ ಮೂಲೆಗೆ ಚಳಿಗಾಲದ ಕಂಬಳಿಯ ಮೂಟೆಗಳು ಬಂದು ಕೂತವು.

ಮಧ್ಯಾಹ್ನ ಬಾಂಗು ಕೇಳಿಸಿತು. ಮೂಟೆಯವರು ಮಸೀದಿಗೆ ಹೊರಟರು. ಹೆಂಗಸರು ತಮ್ಮ ತಮ್ಮ ಕಟ್ಟೆಯ ಹಿಂದೆ ನಿಂತೇ ಇದ್ದರು. ಹಾಸಿನ ಕಟ್ಟೆಯ ಹುಡುಗಿ ನಗಾತ್‌ಳನ್ನು ನೋಡಿ, "ನಿನ್ನ ಕಾಲು ತಂಪಾಯ್ತಾ ಈಗ?" ಎಂದಳು. ಉಳಿದವರು ಅವಳಿಗೆ ಬೆನ್ನು ಮಾಡಿ ಬಟ್ಟೆ ಮಡಚತೊಡಗಿದರು.

"ಈಗ ನೋಡು, ನಾವೆಲ್ಲ ಒಂದೇ ಮತದವರಾದ್ವಿ," ಎಂದಳು ದಿಮ್ಯಾನಾ.

ನಗಾತ್ ಸುಹೇರಳ ಹತ್ತಿರ ಹೋದಳು. "ಅಬ್ಲಾ, ನಮಾಜು ಬೇಡ. ಸುಮ್ಮನೆ ಕೂರೋದಕ್ಕೆ ಅಂತ ಒಂದಿಷ್ಟು ಹೊತ್ತು ಕೇಳಬಹುದಲ್ಲ?"

"ಕೇಳು. ನೀನೇ ಕೇಳು," ಎಂದಳು ಸುಹೇರ್. ಅವಳೂ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದಳು.

ನಗಾತ್ ಗಲ್ಲಾಪೆಟ್ಟಿಗೆಯ ಮುಂದೆ ಹೋಗಿ ನಿಂತಳು. ಹಾಜಿ ಜಪಮಾಲೆ ತಿರುಗಿಸುತ್ತಿದ್ದ. ಅವಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ತಾನು ಒಂದು ಮನೆಯ ಮಾನ ಉಳಿಸಿದೆನೆಂಬ ಸಮಾಧಾನವಿತ್ತು.

"ಏನು ಮಗಳೇ?"

"ಹಾಜಿ, ಮಧ್ಯಾಹ್ನ ಸ್ವಲ್ಪ ಹೊತ್ತು ಕೂರೋಕೆ ಬಿಡಿ. ಎಲ್ಲರಿಗೂ. ದಿಮ್ಯಾನಾಗೂ. ದಿನಕ್ಕೆ ಒಂದು ಗಂಟೆ ಬಿಡುವು ಕೊಡಬೇಕು ಅಂತ ಕಾನೂನಲ್ಲೇ ಇದೆಯಂತೆ."

"ಇದೆ, ಇದೆ. ಕೈರೋದಲ್ಲಿ ಇದೆ." ಹಾಜಿ ನಕ್ಕ. "ಯಾವುದಕ್ಕೆ ಬಿಡುವು?"

"ಕಾಲು ನೋಯುತ್ತೆ."

ಹಾಜಿಯ ಬೆರಳು ಮಣಿಯೊಂದರ ಮೇಲೆ ನಿಂತಿತು. ಹಟ ಹಿಡಿದ ಮಗುವಿಗೆ ತಿಳಿಹೇಳುವ ಹಾಗೆ ಮೆಲ್ಲಗೆ ಹೇಳಿದ:

"ಇಷ್ಟು ದಿನ ದೇವರ ಮುಖ ನೋಡಿ ಕೊಟ್ಟೆ, ಮಗಳೇ. ನಿನ್ನ ಕಾಲಿನ ಮುಖ ನೋಡಿ ಕೊಡೋಕಾಗುತ್ತಾ?"

ಅಷ್ಟರಲ್ಲಿ ಬಾಗಿಲಲ್ಲಿ ಹೆಂಗಸರ ದೊಡ್ಡ ಗುಂಪೊಂದು ಗದ್ದಲ ಮಾಡುತ್ತ ಒಳಗೆ ಬಂತು. ಮದುಮಗಳ ತಾಯಿ ಮೇಲಿನ ಸಾಲಿನ ಕಡೆ ಬೆರಳು ತೋರಿಸಿ, "ಅದು, ಆ ಕೆಂಪಂಚಿನದು, ತೆಗಿಯಮ್ಮಾ. ಅದರ ಪಕ್ಕದ್ದೂ ತೆಗಿ," ಎಂದಳು.

ನಗಾತ್ ತನ್ನ ಕಟ್ಟೆಗೆ ಹೋಗಿ ಏಣಿ ಎಳೆದುಕೊಂಡಳು. ಮೊದಲು ಎಡಗಾಲಿಟ್ಟಳು. ಅದು ಭಾರ ತಡೆಯಲಿಲ್ಲ. ಇಳಿದು ಬಲಗಾಲಿಟ್ಟು ಹತ್ತತೊಡಗಿದಳು.